ಕೊಲೆಸ್ಟ್ರಾಲ್ ನಿಯಂತ್ರಣಕ್ಕಾಗಿ ಕೆಂಪು ಯೀಸ್ಟ್ ಅಕ್ಕಿಯ ಪೂರಕಗಳ ಬಳಕೆ – ಸಾರ್ವಜನಿಕರ ಮಾಹಿತಿಗಾಗಿ

ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಪ್ರಮಾಣವು ಹೆಚ್ಚಾಗಿ ಕಂಡುಬಂದು, ವೈದ್ಯರು ಸ್ಟ್ಯಾಟಿನ್ ವರ್ಗದ ಮಾತ್ರೆಯನ್ನು ಬರೆದುಕೊಟ್ಟ ನಂತರ, ದಿನವೂ ಮಾತ್ರೆ ನುಂಗುವ ಬದಲು ನೈಸರ್ಗಿಕವಾದ ಬೇರೆ ಉಪಾಯವಿದೆಯೇ ಎಂದು ವಿಚಾರಿಸುವವರ ಸಂಖ್ಯೆ ಕಡಿಮೆಯೇನಲ್ಲ. ಅಂತರಜಾಲದ ಮಾರಾಟ ತಾಣಗಳಲ್ಲಿ ಅಂತಹವರ ಕಣ್ಣಿಗೆ ಬೀಳುವ ಪದಾರ್ಥಗಳಲ್ಲಿ ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲ್ ಒಂದಾಗಿದೆ. ವಿದೇಶದಲ್ಲಿ ನೆಲೆಸಿರುವ ಮಕ್ಕಳು ಊರಿಗೆ ಬರುವಾಗ ತಂದೆ ತಾಯಿಯರಿಗಾಗಿ ಇದರ ಸೀಸೆಗಳನ್ನು ತರುವುದೂ ಉಂಟು. ಸದರಿ ಪದಾರ್ಥದ ಸ್ವರೂಪ, ಅದು ಕೆಲಸ ಮಾಡುವ ಬಗೆ, ಅದರಿಂದ ಉಂಟಾಗಬಹುದಾದ ಅಪಾಯ ಹಾಗೂ ಬಳಸುವವರು ಅನುಸರಿಸಬೇಕಾದ ಕ್ರಮಗಳ ಬಗ್ಗೆ ಈ ಪುಟದಲ್ಲಿ ಮಾಹಿತಿಯನ್ನು ನೀಡಲಾಗಿದೆ. ಈ ಮಾಹಿತಿಯು ವೈದ್ಯರ ಸಲಹೆಗೆ ಬದಲಿಯಲ್ಲ.

ಮೊದಲಿಗೇ ತಿಳಿಸಬೇಕಾದ ಸಂಗತಿಯೊಂದಿದೆ. ಕೆಂಪು ಯೀಸ್ಟ್ ಅಕ್ಕಿಯು ಕೊಲೆಸ್ಟ್ರಾಲ್ ಅನ್ನು ತಗ್ಗಿಸುವುದು ನಿಜ. ಆದರೆ ಅದು ತಗ್ಗಿಸುವುದು ಅದರೊಳಗೆ ಸ್ಟ್ಯಾಟಿನ್ ಇರುವ ಕಾರಣದಿಂದಲೇ. ಮಾತ್ರೆಯನ್ನು ಬಿಟ್ಟು ಇದನ್ನು ಸೇವಿಸುವವರು ಔಷಧವನ್ನು ಬಿಟ್ಟಂತಾಗುವುದಿಲ್ಲ, ಅಳತೆಯನ್ನು ಬಿಟ್ಟಂತಾಗುತ್ತದೆ.

ಕೆಂಪು ಯೀಸ್ಟ್ ಅಕ್ಕಿ ಎಂದರೇನು?

ಬೇಯಿಸಿದ ಬಿಳಿ ಅಕ್ಕಿಯ ಮೇಲೆ ಮೊನಾಸ್ಕಸ್ ಎಂಬ ಶಿಲೀಂಧ್ರವನ್ನು ಬೆಳೆಸಿ, ಹುದುಗು ಬಂದ ನಂತರ ಒಣಗಿಸಿದಾಗ ದೊರೆಯುವ ಕಡುಗೆಂಪು ಬಣ್ಣದ ಅಕ್ಕಿಯೇ ಕೆಂಪು ಯೀಸ್ಟ್ ಅಕ್ಕಿ. ಹೆಸರಿನಲ್ಲಿ ಯೀಸ್ಟ್ ಎಂದಿದ್ದರೂ ಇದು ಬ್ರೆಡ್ ಉಬ್ಬಿಸಲು ಬಳಸುವ ಯೀಸ್ಟ್ ಅಲ್ಲ, ಬೂಷ್ಟಿನ ಜಾತಿಗೆ ಸೇರಿದುದು. ಚೀನಾದಲ್ಲಿ ಇದಕ್ಕೆ ಹೊಂಗ್‌ಚು ಎಂದೂ ಜಪಾನಿನಲ್ಲಿ ಬೆನಿಕೊಜಿ ಎಂದೂ ಹೆಸರು. ಅನೇಕ ಶತಮಾನಗಳಿಂದ ಅಲ್ಲಿನ ಜನರು ಅಕ್ಕಿಯ ಮದ್ಯ ತಯಾರಿಸಲು, ಮಾಂಸ ಮತ್ತು ಸೋಯಾ ಪದಾರ್ಥಗಳಿಗೆ ಬಣ್ಣ ಕೊಡಲು ಇದನ್ನು ಬಳಸುತ್ತ ಬಂದಿದ್ದಾರೆ. 16ನೇ ಶತಮಾನದಲ್ಲಿ ಲೀ ಷಿಝೆನ್ ಎಂಬ ವೈದ್ಯನು ರಚಿಸಿದ ಚೀನೀ ಔಷಧಕೋಶದಲ್ಲಿಯೂ ಇದರ ಉಲ್ಲೇಖವಿದೆ.

ನಮ್ಮ ರಾಜ್ಯದ ಓದುಗರು ಒಂದು ಗೊಂದಲವನ್ನು ನಿವಾರಿಸಿಕೊಳ್ಳುವುದು ಅವಶ್ಯ. ಕರಾವಳಿಯ ಮನೆಗಳಲ್ಲಿ ನಿತ್ಯ ಬೇಯುವ ಕೆಂಪು ಕುಚ್ಚಲಕ್ಕಿಗೂ, ಹಾಸನ ಮೈಸೂರು ಕಡೆಯ ರಾಜಮುಡಿಗೂ ಈ ಪದಾರ್ಥಕ್ಕೂ ಯಾವ ಸಂಬಂಧವೂ ಇಲ್ಲ. ನಮ್ಮ ಕೆಂಪಕ್ಕಿಯ ಬಣ್ಣವು ಕಾಳಿನ ತೌಡಿನ ಪದರದಲ್ಲಿ ಸಹಜವಾಗಿಯೇ ಇರುವಂತಹದು. ಅದರಲ್ಲಿ ಸ್ಟ್ಯಾಟಿನ್ ಇಲ್ಲ. ಕೆಂಪಕ್ಕಿಯ ಅನ್ನ ಉಣ್ಣುವವರು ಈ ಪುಟವನ್ನು ಓದಿ ಗಾಬರಿಯಾಗುವ ಕಾರಣವಿಲ್ಲ; ಹಾಗೆಯೇ ಕೆಂಪಕ್ಕಿ ಉಣ್ಣುತ್ತಿರುವೆನೆಂದು ಕೊಲೆಸ್ಟ್ರಾಲ್ ಮಾತ್ರೆಯನ್ನು ನಿಲ್ಲಿಸುವಂತೆಯೂ ಇಲ್ಲ. ಮನೆಯಲ್ಲಿ ಅಕ್ಕಿಗೆ ಬೂಷ್ಟು ಬರಿಸಿ ಇದನ್ನು ತಯಾರಿಸಿಕೊಳ್ಳುವ ವಿಧಾನಗಳೂ ಪ್ರಚಾರದಲ್ಲಿವೆ. ಬೆಳೆದ ಬೂಷ್ಟು ಯಾವುದು, ಅದರಲ್ಲಿ ವಿಷವಿದೆಯೇ ಎಂಬುದನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು. ಆದ್ದರಿಂದ ಅಂತಹ ಪ್ರಯತ್ನವನ್ನು ಯಾರೂ ಮಾಡಬಾರದು.

ಇದು ಹೇಗೆ ಕೆಲಸ ಮಾಡುತ್ತದೆ?

ಶರೀರದಲ್ಲಿರುವ ಕೊಲೆಸ್ಟ್ರಾಲ್‌ನ ಬಹುಪಾಲು ಆಹಾರದಿಂದ ಬಂದುದಲ್ಲ. ಯಕೃತ್ತೂ ಸೇರಿದಂತೆ ಶರೀರವೇ ಅದನ್ನು ತಯಾರಿಸುತ್ತದೆ. ಈ ತಯಾರಿಕೆಗೆ ಅಗತ್ಯವಾದ ಒಂದು ಕಿಣ್ವವನ್ನು ಸ್ಟ್ಯಾಟಿನ್‌ಗಳು ತಡೆಯುತ್ತವೆ. ಆಗ ಯಕೃತ್ತು ತನಗೆ ಬೇಕಾದ ಕೊಲೆಸ್ಟ್ರಾಲ್ ಅನ್ನು ರಕ್ತದಿಂದ ಹೆಚ್ಚಾಗಿ ಹೀರಿಕೊಳ್ಳುತ್ತದೆ ಮತ್ತು ರಕ್ತದಲ್ಲಿನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಕಡಿಮೆಯಾಗುತ್ತದೆ.

ಸ್ಟ್ಯಾಟಿನ್‌ಗಳು ಪತ್ತೆಯಾದದ್ದೇ ಬೂಷ್ಟಿನಿಂದ. ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಅವರು 1973ರಲ್ಲಿ, ಕ್ಯೋಟೊ ನಗರದ ಅಂಗಡಿಯೊಂದರ ಅಕ್ಕಿಯಲ್ಲಿ ದೊರೆತ ನೀಲಿ ಬೂಷ್ಟಿನಿಂದ ಈ ವರ್ಗದ ಮೊದಲ ವಸ್ತುವನ್ನು ಕಂಡುಹಿಡಿದರು. 1979ರಲ್ಲಿ ಅವರು ಮೊನಾಸ್ಕಸ್ ಶಿಲೀಂಧ್ರದಿಂದ ಬೇರ್ಪಡಿಸಿದ ಮತ್ತೊಂದು ವಸ್ತುವಿಗೆ ಮೊನಾಕೊಲಿನ್-ಕೆ ಎಂದು ಹೆಸರಿಟ್ಟರು. ಅದೇ ಕಾಲಕ್ಕೆ ಅಮೆರಿಕದ ಮರ್ಕ್ ಸಂಸ್ಥೆಯು ಬೇರೊಂದು ಶಿಲೀಂಧ್ರದಿಂದ ಪಡೆದಿದ್ದ ವಸ್ತುವೂ ಇದೇ ಆಗಿತ್ತು. ಅದು 1987ರಲ್ಲಿ ಲೋವಾಸ್ಟ್ಯಾಟಿನ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮೋದನೆ ಪಡೆಯಿತು. ಮೊನಾಕೊಲಿನ್-ಕೆ ಮತ್ತು ಲೋವಾಸ್ಟ್ಯಾಟಿನ್ ಎಂಬುವು ಒಂದೇ ರಾಸಾಯನಿಕದ ಎರಡು ಹೆಸರುಗಳು. ಒಂದು ಗಿಡಮೂಲಿಕೆ ಅಂಗಡಿಯ ಹೆಸರು, ಇನ್ನೊಂದು ಔಷಧಿ ಅಂಗಡಿಯ ಹೆಸರು ಎಂದರೂ ತಪ್ಪಾಗಲಾರದು.

ಪರಿಣಾಮದ ಬಗ್ಗೆ ಇರುವ ಆಧಾರಗಳು

ಲಾಸ್ ಏಂಜಲೀಸ್‌ನಲ್ಲಿ 83 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2.4 ಗ್ರಾಂ ಕೆಂಪು ಯೀಸ್ಟ್ ಅಕ್ಕಿಯನ್ನು ಸೇವಿಸಿದವರ ಎಲ್‌ಡಿಎಲ್ ಮಟ್ಟವು ಪ್ರತಿ ಡೆಸಿಲೀಟರಿಗೆ ಸರಾಸರಿ 173 ಮಿಲಿಗ್ರಾಂನಿಂದ 135ಕ್ಕೆ ಇಳಿದಿತ್ತು. ಚೀನಾದಲ್ಲಿ ಹೃದಯಾಘಾತಕ್ಕೊಳಗಾಗಿದ್ದ 4,870 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. ಇದರಲ್ಲಿ ಹುಸಿ ಮಾತ್ರೆ ಪಡೆದವರ ಪೈಕಿ ಶೇ. 10.4ರಷ್ಟು ಜನರಿಗೆ ಮತ್ತೆ ಹೃದಯಾಘಾತ ಅಥವಾ ಹೃದ್ರೋಗದಿಂದ ಮರಣ ಸಂಭವಿಸಿದರೆ, ಕೆಂಪು ಯೀಸ್ಟ್ ಅಕ್ಕಿಯ ಸಾರವನ್ನು ಪಡೆದವರಲ್ಲಿ ಈ ಪ್ರಮಾಣವು ಶೇ. 5.7 ಆಗಿತ್ತು.

ಮಾರಾಟಗಾರರು ಈ ಅಂಕಿಗಳನ್ನು ಜಾಹೀರಾತಿನಲ್ಲಿ ಬಳಸುವುದುಂಟು. ಆದರೆ ಚೀನಾದ ಅಧ್ಯಯನದಲ್ಲಿ ಬಳಸಿದ್ದು ಅಳತೆಗೊಳಪಟ್ಟ ತಯಾರಿಕೆ. ಅದರಲ್ಲಿ ದಿನಕ್ಕೆ ಸುಮಾರು 10ರಿಂದ 13 ಮಿಲಿಗ್ರಾಂ ಲೋವಾಸ್ಟ್ಯಾಟಿನ್ ಇತ್ತು. ಅಂಗಡಿಯ ಸೀಸೆಯಲ್ಲಿ ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ.

ಸೀಸೆಯೊಳಗೆ ಎಷ್ಟಿದೆ?

ಅಮೆರಿಕದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ 28 ಬ್ರ್ಯಾಂಡ್‌ಗಳನ್ನು ಪರೀಕ್ಷಿಸಿದ ವರದಿಯು 2017ರಲ್ಲಿ ಪ್ರಕಟವಾಯಿತು. ಎರಡು ಬ್ರ್ಯಾಂಡ್‌ಗಳಲ್ಲಿ ಮೊನಾಕೊಲಿನ್-ಕೆ ಪತ್ತೆಯೇ ಆಗಲಿಲ್ಲ. ಉಳಿದವುಗಳಲ್ಲಿ 1,200 ಮಿಲಿಗ್ರಾಂ ಅಕ್ಕಿಗೆ 0.09 ಮಿಲಿಗ್ರಾಂನಿಂದ 5.48 ಮಿಲಿಗ್ರಾಂವರೆಗೆ ಇತ್ತು. ಅರವತ್ತು ಪಟ್ಟು ವ್ಯತ್ಯಾಸ. ತೂಕ ಒಂದೇ, ಹೆಸರು ಒಂದೇ; ಔಷಧದ ಪ್ರಮಾಣ ಮಾತ್ರ ಒಂದರಲ್ಲಿ ಇಲ್ಲವೆನ್ನುವಷ್ಟು, ಮತ್ತೊಂದರಲ್ಲಿ ವೈದ್ಯರು ಬರೆದುಕೊಡುವ ಸಣ್ಣ ಪ್ರಮಾಣದ ಹತ್ತಿರಕ್ಕೆ. ಯಾವ ಸೀಸೆಯ ಮೇಲೂ ಮೊನಾಕೊಲಿನ್-ಕೆ ಎಷ್ಟಿದೆ ಎಂದು ಮುದ್ರಿಸಿರಲಿಲ್ಲ.

ಮುದ್ರಿಸದಿರುವುದಕ್ಕೆ ಕಾರಣವು ಅಮೆರಿಕದ ಕಾನೂನಿನಲ್ಲಿಯೇ ಇದೆ. ಅಲ್ಲಿ ಕೊಲೆಸ್ಟಿನ್ ಎಂಬ ಹೆಸರಿನ ಕೆಂಪು ಯೀಸ್ಟ್ ಅಕ್ಕಿಯ ಪೂರಕವು ಔಷಧವೋ ಆಹಾರವೋ ಎಂಬ ವಿವಾದ ಉಂಟಾಗಿ, 1998ರಲ್ಲಿ ಆಹಾರ ಮತ್ತು ಔಷಧ ಆಡಳಿತವು ಅದನ್ನು ಅನುಮೋದನೆಯಿಲ್ಲದ ಔಷಧವೆಂದು ತೀರ್ಮಾನಿಸಿತು. 1999ರಲ್ಲಿ ಕೆಳ ನ್ಯಾಯಾಲಯವು ಕಂಪನಿಯ ಪರವಾಗಿ ತೀರ್ಪು ನೀಡಿದರೂ, 2000ದಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಅಂದಿನಿಂದ ಗಣನೀಯ ಪ್ರಮಾಣದ ಮೊನಾಕೊಲಿನ್-ಕೆ ಇರುವ ಪದಾರ್ಥವನ್ನು ಆ ದೇಶದಲ್ಲಿ ಪೂರಕವೆಂದು ಮಾರುವಂತಿಲ್ಲ. ಪರಿಣಾಮವಾಗಿ, ಪ್ರಮಾಣವನ್ನು ಲೇಬಲ್‌ನಲ್ಲಿ ನಮೂದಿಸುವ ತಯಾರಕನು ತನ್ನ ಪದಾರ್ಥವು ಔಷಧವೆಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಹೀಗಾಗಿ ಮಾರಾಟ ಮುಂದುವರಿಯಿತು, ಲೇಬಲ್ ಮೌನವಾಯಿತು. ಊರಿಗೆ ಬರುವ ಸೀಸೆಗಳಲ್ಲಿ ಇಂತಹವು ಇರುತ್ತವೆ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

ಐರೋಪ್ಯ ಒಕ್ಕೂಟವು ಬೇರೆ ದಾರಿ ಹಿಡಿಯಿತು. 2011ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರವು, ದಿನಕ್ಕೆ 10 ಮಿಲಿಗ್ರಾಂ ಮೊನಾಕೊಲಿನ್-ಕೆ ಸೇವನೆಯು ಎಲ್‌ಡಿಎಲ್ ಅನ್ನು ಸಹಜ ಮಟ್ಟದಲ್ಲಿಡಲು ಸಹಕಾರಿ ಎಂದು ಒಪ್ಪಿತ್ತು. ಅದೇ ಪ್ರಾಧಿಕಾರವು 2018ರಲ್ಲಿ, ದಿನಕ್ಕೆ 3 ಮಿಲಿಗ್ರಾಂನಷ್ಟು ಕಡಿಮೆ ಸೇವನೆಯಲ್ಲಿಯೂ ತೀವ್ರ ಸ್ವರೂಪದ ಪ್ರತಿಕೂಲ ಪರಿಣಾಮಗಳು ವರದಿಯಾಗಿವೆ, ಸುರಕ್ಷಿತವೆನ್ನಬಹುದಾದ ಪ್ರಮಾಣವನ್ನು ಗುರುತಿಸಲಾಗುತ್ತಿಲ್ಲ ಎಂದು ವರದಿ ನೀಡಿತು. 2022ರ ನಿಯಮದಂತೆ ಅಲ್ಲಿ ಮಾರಾಟವಾಗುವ ಪೂರಕಗಳಲ್ಲಿ ದಿನವೊಂದರ ಪ್ರಮಾಣವು 3 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. ಕೆಲಸ ಮಾಡುವುದೆಂದು ಒಪ್ಪಿದ್ದ ಪ್ರಮಾಣಕ್ಕೂ ಮಾರಲು ಅನುಮತಿಸಿದ ಪ್ರಮಾಣಕ್ಕೂ ಇರುವ ಅಂತರವನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು.

ಬೂಷ್ಟಿನ ವಿಷಗಳು ಮತ್ತು ಜಪಾನಿನ ಪ್ರಕರಣ

ಮೊನಾಸ್ಕಸ್‌ನ ಕೆಲವು ತಳಿಗಳು ಸಿಟ್ರಿನಿನ್ ಎಂಬ ವಿಷವನ್ನೂ ಉತ್ಪಾದಿಸುತ್ತವೆ. ಇದು ಮೂತ್ರಪಿಂಡಗಳಿಗೆ ಹಾನಿಕರ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಪರೀಕ್ಷಿಸಿದ 12 ಉತ್ಪನ್ನಗಳ ಪೈಕಿ 4ರಲ್ಲಿ ಸಿಟ್ರಿನಿನ್ ಹೆಚ್ಚಿನ ಮಟ್ಟದಲ್ಲಿತ್ತು. ಐರೋಪ್ಯ ಒಕ್ಕೂಟವು ಪ್ರತಿ ಕಿಲೋಗ್ರಾಂಗೆ 2,000 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2019ರ ನಿಯಮದ ಮೂಲಕ 100ಕ್ಕೆ ಇಳಿಸಿತು.

ಆದರೆ ಸಿಟ್ರಿನಿನ್ ಇಲ್ಲವೆಂಬ ಪ್ರಮಾಣಪತ್ರವೊಂದೇ ಸಾಲದೆಂಬುದನ್ನು 2024ರ ಘಟನೆಯು ತೋರಿಸಿತು. ಜಪಾನಿನ ಕೊಬಯಾಶಿ ಫಾರ್ಮಸ್ಯೂಟಿಕಲ್ ಕಂಪನಿಯು ಸಿಟ್ರಿನಿನ್ ಉತ್ಪಾದಿಸದ ತಳಿಯನ್ನೇ ಆರಿಸಿ, ಕೊಲೆಸ್ಟ್ರಾಲ್ ತಗ್ಗಿಸುವ ಬೆನಿಕೊಜಿ ಮಾತ್ರೆಗಳನ್ನು ತಯಾರಿಸುತ್ತಿತ್ತು. ಇವುಗಳನ್ನು ಸೇವಿಸಿದವರಲ್ಲಿ ಮೂತ್ರಪಿಂಡದ ತೊಂದರೆಗಳು ಕಾಣಿಸಿಕೊಂಡ ವರದಿಗಳು ಜನವರಿಯಿಂದಲೇ ಕಂಪನಿಗೆ ತಲುಪಿದ್ದವು. ಉತ್ಪನ್ನಗಳನ್ನು ಹಿಂಪಡೆಯುವ ಪ್ರಕಟಣೆ ಹೊರಬಿದ್ದದ್ದು ಮಾರ್ಚ್ 22ರಂದು. ಆ ತಿಂಗಳ ಕೊನೆಯ ವೇಳೆಗೆ ಐದು ಮರಣಗಳು ವರದಿಯಾಗಿದ್ದವು. ಆಸ್ಪತ್ರೆಗೆ ದಾಖಲಾದವರ ಸಂಖ್ಯೆ ಮುಂದೆ ನೂರಾರಕ್ಕೆ ಏರಿತು. ಕಾರ್ಖಾನೆಯಲ್ಲಿದ್ದ ನೀಲಿ ಬೂಷ್ಟೊಂದು ತಯಾರಿಕೆಯ ವೇಳೆ ಸೇರಿಕೊಂಡು ಪ್ಯೂಬೆರುಲಿಕ್ ಆಮ್ಲ ಎಂಬ ವಿಷವನ್ನು ಉಂಟುಮಾಡಿತ್ತೆಂದು ಅಲ್ಲಿನ ಆರೋಗ್ಯ ಸಚಿವಾಲಯದ ತನಿಖೆಯಲ್ಲಿ ಕಂಡುಬಂದಿತು. ನಂತರ ಜಪಾನ್ ಸರ್ಕಾರವು ಇಂತಹ ಆಹಾರಗಳ ತಯಾರಕರು ಆರೋಗ್ಯ ಹಾನಿಯ ದೂರುಗಳನ್ನು ಅಧಿಕಾರಿಗಳಿಗೆ ತಿಳಿಸುವುದನ್ನು ಕಡ್ಡಾಯಗೊಳಿಸಿತು. ದೊಡ್ಡ ಕಂಪನಿ, ಕಟ್ಟುನಿಟ್ಟಿನ ದೇಶ, ಆರಿಸಿದ ತಳಿ ಇವೆಲ್ಲ ಇದ್ದರೂ ಹೀಗಾಯಿತು. ಹೆಸರು ಕೇಳಿರದ ತಾಣದಿಂದ ತರಿಸಿದ ಸೀಸೆಯ ವಿಷಯದಲ್ಲಿ ಎಷ್ಟು ಭರವಸೆ ಇಡಬಹುದೆಂಬುದನ್ನು ಖರೀದಿಗೆ ಮುನ್ನವೇ ಯೋಚಿಸಬೇಕಾಗುತ್ತದೆ.

ಅಡ್ಡ ಪರಿಣಾಮಗಳು ಹಾಗೂ ಇತರ ಔಷಧಗಳೊಂದಿಗೆ ಪ್ರತಿಕ್ರಿಯೆ

ಸ್ಟ್ಯಾಟಿನ್‌ನಿಂದ ಆಗಬಹುದಾದ ತೊಂದರೆಗಳೆಲ್ಲವೂ ಇದರಿಂದಲೂ ಆಗಬಹುದು. ಸ್ನಾಯುಗಳ ನೋವು ಮತ್ತು ನಿಶ್ಶಕ್ತಿ, ಯಕೃತ್ತಿನ ಉರಿಯೂತ, ಅಪರೂಪಕ್ಕೆ ಸ್ನಾಯುಗಳೇ ಕರಗಿ ಮೂತ್ರಪಿಂಡಗಳು ವಿಫಲವಾಗುವ ಸ್ಥಿತಿ ಇವುಗಳಲ್ಲಿ ಮುಖ್ಯವಾದವು. ಕಾರಣವಿಲ್ಲದ ಮೈಕೈ ನೋವು, ಚಹಾದ ಬಣ್ಣದ ಮೂತ್ರ, ನೊರೆಯಾದ ಮೂತ್ರ, ಕಣ್ಣು ಹಳದಿಯಾಗುವುದು, ಹಸಿವು ಇಂಗುವುದು ಇವುಗಳಲ್ಲಿ ಯಾವುದೇ ಲಕ್ಷಣ ಕಂಡುಬಂದಲ್ಲಿ ಸೇವನೆಯನ್ನು ಕೂಡಲೇ ನಿಲ್ಲಿಸಿ, ಸೀಸೆಯೊಂದಿಗೆ ಆಸ್ಪತ್ರೆಗೆ ತೆರಳತಕ್ಕದ್ದು.

ಎರಿಥ್ರೊಮೈಸಿನ್ ಮತ್ತು ಕ್ಲಾರಿಥ್ರೊಮೈಸಿನ್ ಎಂಬ ಪ್ರತಿಜೀವಕಗಳು, ಚರ್ಮದ ಹುಳುಕಡ್ಡಿಗೆ ಈಚೆಗೆ ಧಾರಾಳವಾಗಿ ಕೊಡಲಾಗುತ್ತಿರುವ ಇಟ್ರಾಕೊನಜೋಲ್, ಅಂಗ ಕಸಿ ಮಾಡಿಸಿಕೊಂಡವರು ಸೇವಿಸುವ ಸೈಕ್ಲೋಸ್ಪೋರಿನ್, ಎಚ್‌ಐವಿ ಚಿಕಿತ್ಸೆಯ ಕೆಲವು ಔಷಧಗಳು ಹಾಗೂ ಗ್ರೇಪ್‌ಫ್ರೂಟ್ ರಸ, ಇವು ಲೋವಾಸ್ಟ್ಯಾಟಿನ್ ಶರೀರದಲ್ಲಿ ಕರಗಿಹೋಗದಂತೆ ತಡೆದು ಅದರ ಮಟ್ಟವನ್ನು ಏರಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಸಂಭವ ಹೆಚ್ಚಬಹುದು. ಈಗಾಗಲೇ ಸ್ಟ್ಯಾಟಿನ್ ಸೇವಿಸುತ್ತಿರುವವರು ಇದನ್ನೂ ಸೇರಿಸಿಕೊಂಡರೆ ಒಂದೇ ವರ್ಗದ ಔಷಧವನ್ನು ಎರಡು ಬಾರಿ ಸೇವಿಸಿದಂತಾಗುತ್ತದೆ. ರೋಗಿಯು ಹೇಳದ ಹೊರತು ವೈದ್ಯರಿಗೆ ಇದು ತಿಳಿಯುವ ಮಾರ್ಗವಿಲ್ಲ. ಯಾವ ಮಾತ್ರೆ ಸೇವಿಸುತ್ತೀರಿ ಎಂದು ಅವರು ಕೇಳಿದಾಗ ಪೂರಕಗಳನ್ನು ಲೆಕ್ಕಕ್ಕೆ ಹಿಡಿಯದಿರುವುದು ಸಾಮಾನ್ಯವಾಗಿದೆ.

ಗರ್ಭಿಣಿಯರು, ಎದೆಹಾಲು ಉಣಿಸುವ ತಾಯಂದಿರು, 18 ವರ್ಷದೊಳಗಿನವರು, 70 ವರ್ಷ ದಾಟಿದವರು ಹಾಗೂ ಕೊಲೆಸ್ಟ್ರಾಲ್ ತಗ್ಗಿಸುವ ಔಷಧವನ್ನು ಸೇವಿಸುತ್ತಿರುವವರು ಇದನ್ನು ಸೇವಿಸಬಾರದೆಂಬ ಎಚ್ಚರಿಕೆಯನ್ನು ಲೇಬಲ್‌ನಲ್ಲಿ ಮುದ್ರಿಸುವುದು ಐರೋಪ್ಯ ಒಕ್ಕೂಟದಲ್ಲಿ ಕಡ್ಡಾಯ. ಯಕೃತ್ತಿನ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರೂ ಇದರಿಂದ ದೂರವಿರುವುದು ಕ್ಷೇಮ.

ಹೃದಯಾಘಾತವಾದವರು ಮತ್ತು ಸ್ಟೆಂಟ್ ಹಾಕಿಸಿಕೊಂಡವರ ಗಮನಕ್ಕೆ

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಅಪಾಯ ಕಡಿಮೆ ಇರುವವರ ಎಲ್‌ಡಿಎಲ್ 100ಕ್ಕಿಂತ ಕೆಳಗೆ, ಮಧುಮೇಹ ಅಥವಾ ರಕ್ತದೊತ್ತಡದಂತಹ ಕಾರಣಗಳಿಂದ ಅಪಾಯ ಹೆಚ್ಚಿರುವವರಲ್ಲಿ 70ಕ್ಕಿಂತ ಕೆಳಗೆ ಹಾಗೂ ಹೃದಯಾಘಾತವಾದವರಂತಹ ಅತಿ ಹೆಚ್ಚಿನ ಅಪಾಯವುಳ್ಳವರಲ್ಲಿ 55ಕ್ಕಿಂತ ಕೆಳಗೆ ಇರತಕ್ಕದ್ದು. ಉದಾಹರಣೆಗೆ, ಎಲ್‌ಡಿಎಲ್ 160 ಇರುವ ಹೃದ್ರೋಗಿಯೊಬ್ಬರು ಮಾತ್ರೆಯನ್ನು ನಿಲ್ಲಿಸಿ ಕೆಂಪು ಯೀಸ್ಟ್ ಅಕ್ಕಿಯನ್ನು ಸೇವಿಸುತ್ತಾರೆ ಎಂದಿಟ್ಟುಕೊಳ್ಳೋಣ. ಅದು ಚೆನ್ನಾಗಿಯೇ ಕೆಲಸ ಮಾಡಿ ಶೇ. 20ರಷ್ಟು ಇಳಿಸಿದರೂ ಬಂದು ನಿಲ್ಲುವುದು 128ಕ್ಕೆ. ತಲುಪಬೇಕಾದುದು 55. ವರದಿಯಲ್ಲಿ ಅಂಕಿ ಇಳಿದದ್ದನ್ನು ಕಂಡು ಸಮಾಧಾನಪಟ್ಟುಕೊಂಡು, ರಕ್ಷಣೆ ಇಲ್ಲದೆ ವರ್ಷಗಳನ್ನು ಕಳೆಯುವುದು ಈ ವಿಷಯದಲ್ಲಿನ ಅತ್ಯಂತ ದೊಡ್ಡ ಅಪಾಯವಾಗಿದೆ. ಈ ವರ್ಗದವರು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು.

ಸ್ಟ್ಯಾಟಿನ್‌ನಿಂದ ಮೈಕೈ ನೋವು ಬಂದಿದ್ದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಪ್ರಮಾಣವನ್ನು ಕಡಿಮೆ ಮಾಡುವುದು, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸುವುದು, ಎಜೆಟಿಮೈಬ್‌ನಂತಹ ಬೇರೆ ವರ್ಗದ ಔಷಧ ನೀಡುವುದು ಮುಂತಾದ ದಾರಿಗಳು ಅವರ ಬಳಿ ಇವೆ. ಬೆಲೆಯೇ ಅಡ್ಡಿಯಾಗಿದ್ದಲ್ಲಿ, ಅಟೋರ್ವಾಸ್ಟ್ಯಾಟಿನ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದ್ದು ಅದಕ್ಕೆ ಗರಿಷ್ಠ ಬೆಲೆ ನಿಗದಿಯಾಗಿದೆ. ಜನೌಷಧಿ ಕೇಂದ್ರಗಳಲ್ಲಿ ಇನ್ನೂ ಕಡಿಮೆ ದರಕ್ಕೆ ದೊರೆಯುತ್ತದೆ. ಆಮದು ಸೀಸೆಯ ತಿಂಗಳ ಖರ್ಚಿನ ಪಕ್ಕದಲ್ಲಿ ಇದನ್ನು ಬರೆದು ನೋಡುವುದು ಒಳ್ಳೆಯದು.

ಆದರೂ ಸೇವಿಸಬೇಕೆನ್ನುವವರು

ಮೊದಲು ವೈದ್ಯರನ್ನು ಕಂಡು, ಸೇವಿಸುತ್ತಿರುವ ಎಲ್ಲ ಮಾತ್ರೆ, ಪುಡಿ, ಕಷಾಯಗಳನ್ನು ತೋರಿಸಬೇಕು. ಸೇವನೆಗೆ ಮುನ್ನ ರಕ್ತದ ಕೊಬ್ಬಿನಂಶ, ಯಕೃತ್ತು ಹಾಗೂ ಮೂತ್ರಪಿಂಡದ ಪರೀಕ್ಷೆಗಳನ್ನು ಮಾಡಿಸಿ, ವೈದ್ಯರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 4ರಿಂದ 12 ವಾರಗಳ ಒಳಗೆ, ಪುನಃ ಮಾಡಿಸಬೇಕು. ಒಂದು ಬ್ರ್ಯಾಂಡ್‌ನಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಹಿಂದಿನ ವರದಿಯು ಉಪಯೋಗಕ್ಕೆ ಬಾರದು. ಸಲಹೆಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗಳನ್ನು ಸಂಪರ್ಕಿಸಬಹುದು. 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ಭಾರತದಲ್ಲಿ ಪೂರಕ ಆಹಾರಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ವ್ಯಾಪ್ತಿಗೆ ಬರುತ್ತವೆ. ಲೇಬಲ್ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಹಾಗೂ ಔಷಧೀಯ ಬಳಕೆಗಲ್ಲ ಎಂಬ ಘೋಷಣೆ ಇರಬೇಕು. ಈ ಘೋಷಣೆಯನ್ನು ಒಂದು ಬದಿಯಲ್ಲಿ ಮುದ್ರಿಸಿ, ಜಾಹೀರಾತಿನಲ್ಲಿ ಹೃದ್ರೋಗ ಗುಣವಾಗುವುದೆಂದು ಹೇಳುವ ಉತ್ಪನ್ನವನ್ನು ಕೊಳ್ಳದಿರುವುದೇ ಲೇಸು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಸದರಿ ಅಧಿನಿಯಮದ ಕಲಂ 53ರಡಿ ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ದೂರು ಸಲ್ಲಿಸುವ ಕ್ರಮ

ಉತ್ಪನ್ನದ ಗುಣಮಟ್ಟ ಅಥವಾ ಜಾಹೀರಾತಿನ ಬಗ್ಗೆ ದೂರು ಇದ್ದಲ್ಲಿ ಜಿಲ್ಲೆಯ ಆಹಾರ ಸುರಕ್ಷತೆ ಅಂಕಿತಾಧಿಕಾರಿಗಳಿಗೆ ಲಿಖಿತವಾಗಿ ಸಲ್ಲಿಸಬಹುದು. ದೂರಿನೊಂದಿಗೆ ಖರೀದಿ ರಶೀದಿ ಹಾಗೂ ಲೇಬಲ್‌ನ ಎಲ್ಲ ಬದಿಗಳ ಛಾಯಾಚಿತ್ರ ಇರಬೇಕು. ಬ್ಯಾಚ್ ಸಂಖ್ಯೆ ಇಲ್ಲದ ದೂರಿನ ಮೇಲೆ ಕ್ರಮ ಜರುಗಿಸುವುದು ಕಷ್ಟ. ಕಲಂ 40ರಂತೆ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷಿಸಬಹುದು. ಹಾಗೆ ಪರೀಕ್ಷಿಸುವ ಉದ್ದೇಶವನ್ನು ಖರೀದಿಯ ವೇಳೆಯಲ್ಲಿಯೇ ಮಾರಾಟಗಾರರಿಗೆ ತಿಳಿಸಬೇಕಾಗುತ್ತದೆ. ಪದಾರ್ಥವು ಕಾನೂನಿಗೆ ವಿರುದ್ಧವಾಗಿದೆ ಎಂದು ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುವುದು. ವಿದೇಶದಿಂದ ಬಂಧುಗಳು ತಂದುಕೊಟ್ಟ ಸೀಸೆಗೆ ಇಲ್ಲಿ ಮಾರಾಟಗಾರರೂ ಇಲ್ಲ, ರಶೀದಿಯೂ ಇಲ್ಲವಾದುದರಿಂದ ಈ ಪರಿಹಾರಗಳು ದೊರೆಯುವುದು ದುಸ್ತರ.

ಸೇವನೆಯಿಂದ ಆರೋಗ್ಯಕ್ಕೆ ತೊಂದರೆಯಾಗಿದ್ದಲ್ಲಿ, ಭಾರತೀಯ ಔಷಧಕೋಶ ಆಯೋಗವು ನಡೆಸುವ ಔಷಧ ಪ್ರತಿಕೂಲ ಪರಿಣಾಮಗಳ ನಿಗಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ಕಚೇರಿಯ ವೇಳೆಯಲ್ಲಿ ವರದಿ ಮಾಡಬಹುದು. ಉಳಿದ ಕ್ಯಾಪ್ಸೂಲ್‌ಗಳನ್ನು ಎಸೆಯದೆ, ಮೂಲ ಸೀಸೆಯಲ್ಲಿಯೇ, ಮಕ್ಕಳ ಕೈಗೆ ಸಿಗದಂತೆ ಇಟ್ಟುಕೊಂಡಿರತಕ್ಕದ್ದು.